ಬಾಗಿಲು ಪೂರ್ತಿ ತೆರೆಯುತ್ತದೆಯೇ? ಫೆಂಗ್ ಶುಯಿ ರೀತಿಯಲ್ಲಿ ಮನೆ ಹಗುರ ಮಾಡುವುದು ಹೀಗೆ

ಮುಂಬಾಗಿಲನ್ನು ಒಮ್ಮೆ ಪೂರ್ತಿ ತೆರೆದು ನೋಡಿ. ಗೋಡೆ ಮುಟ್ಟುವವರೆಗೂ ಸರಾಗವಾಗಿ ಹೋಗುತ್ತದೆಯೇ? ಇಲ್ಲಾ, ಹಿಂದೆ ಒರಗಿಸಿದ ಕೊಡೆ, ಮೊಳೆಗೆ ತೂಗುಹಾಕಿದ ಚೀಲಗಳು, ಎಸೆಯಬೇಕೆಂದು ಮಡಚಿಟ್ಟ ರಟ್ಟಿನ ಡಬ್ಬಗಳಿಗೆ ತಾಗಿ ಅರ್ಧಕ್ಕೇ ನಿಂತುಬಿಡುತ್ತದೆಯೇ? ನಮ್ಮ ಮನೆಯ ಬಾಗಿಲು ವರ್ಷಗಟ್ಟಲೆ ಹಾಗೆಯೇ ಇತ್ತು. ಓರೆಯಾಗಿ ನುಸುಳಿ ಒಳಬರುವುದು ರೂಢಿಯಾಗಿ, ಅದೊಂದು ತೊಡಕು ಅಂತಲೇ ಯಾರಿಗೂ ಅನಿಸುತ್ತಿರಲಿಲ್ಲ. ಮನೆಯನ್ನು, ಜಾಗವನ್ನು ಹೊಂದಿಸುವ ಚೀನೀ ಪದ್ಧತಿಯಾದ ಫೆಂಗ್ ಶುಯಿ ಕೆಲಸ ಶುರುಮಾಡುವುದು ಅಲ್ಲಿಂದಲೇ.

ಚೀನೀ ಭಾಷೆಯಲ್ಲಿ ‘ಫೆಂಗ್’ ಎಂದರೆ ಗಾಳಿ, ‘ಶುಯಿ’ ಎಂದರೆ ನೀರು. ಜೀವಚೈತನ್ಯವಾದ ‘ಚಿ’ ಗಾಳಿಗೆ ಚೆದುರುತ್ತದೆ, ನೀರಿನ ಅಂಚಿಗೆ ಬಂದು ನಿಲ್ಲುತ್ತದೆ ಎಂಬ ಮಾತು ಚೀನೀ ವಿದ್ವಾಂಸ ಗುವೊ ಪು (276–324) ಹೆಸರಿನಲ್ಲಿರುವ, ಸಮಾಧಿ ಸ್ಥಳಗಳನ್ನು ಕುರಿತ ಹಳೆಯ ಗ್ರಂಥದಲ್ಲಿ ಬರುತ್ತದೆ. ಚಿ ರಭಸದಿಂದ ನುಗ್ಗಿದರೂ ಒಳ್ಳೆಯದಲ್ಲ, ಮಡುಗಟ್ಟಿದರೂ ಒಳ್ಳೆಯದಲ್ಲ. ಸಾಮಾನಿನ ರಾಶಿ ಅದನ್ನು ಮಡುಗಟ್ಟಿಸುತ್ತದೆ. ಚಿಯನ್ನು ಅಳೆಯುವ ಉಪಕರಣವಿಲ್ಲ, ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ‘ಇದನ್ನೆಲ್ಲ ಎಲ್ಲಿ ತುಂಬಿಡಲಿ’ ಎಂದು ಕೇಳುವ ಬದಲು ‘ದಾರಿ ಎಲ್ಲಿ ಕಟ್ಟಿದೆ’ ಎಂದು ಕೇಳಲು ಅದು ಕಲಿಸುತ್ತದೆ. ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ಒಂದು ಪ್ರಶ್ನೆ.

ಮೊದಲು ಹೊಸ್ತಿಲು

ಬಾಗಿಲ ಮುಂದಿನ ತೆರವಾದ ಜಾಗಕ್ಕೆ ‘ಮಿಂಗ್ ತಾಂಗ್’ ಎನ್ನುತ್ತಾರೆ, ಬೆಳಕಿನ ಅಂಗಳ ಎಂದು ಅರ್ಥ. ಒಳಗೆ ಬರುವ ಚಿ ಒಂದು ಗಳಿಗೆ ನಿಂತು ಸೇರುವ ತಾಣ ಅದು. ಹೊಸ್ತಿಲಿನ ಎರಡೂ ಬದಿ ನೆಲ ಕಾಣುವಂತೆ ತೆರವು ಮಾಡಿ. ದಿನವೂ ಮೆಟ್ಟುವ ಚಪ್ಪಲಿ ಬಿಟ್ಟು ಉಳಿದವು ಒಳಗಿನ ಕಪಾಟಿಗೆ ಹೋಗಲಿ. ಬಾಗಿಲ ಹಿಂದೆ ಏನೂ ಬೇಡ. ಕಿರುಗುಟ್ಟುವ ತಿರುಗಣಿಗೆ ಎರಡು ಹನಿ ಎಣ್ಣೆ ಬಿಡಿ. ಮೊದಲ ದಿನಕ್ಕೆ ಇಷ್ಟು ಸಾಕು.

ಮರುದಿನ ಬಾಗಿಲಿನಿಂದ ಅಡುಗೆಮನೆಗೆ, ಮಂಚಕ್ಕೆ, ಕಿಟಕಿಗೆ ನಡೆದು ನೋಡಿ. ಎಲ್ಲಿ ಮೈ ಓರೆಮಾಡಬೇಕಾಯಿತು, ಎಲ್ಲಿ ಕಾಲು ಎಡವಿತು, ಯಾವ ಕಿಟಕಿ ತೆರೆಯಲು ಏನನ್ನು ಸರಿಸಬೇಕಾಯಿತು, ಗುರುತು ಹಾಕಿಕೊಳ್ಳಿ. ಮೊದಲು ಎತ್ತಬೇಕಾದದ್ದು ಅವನ್ನೇ.

ಒಂಬತ್ತು ಚೌಕ

ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು ಮೂರಕ್ಕೆ ಮೂರು ಚೌಕ ಮಾಡಿ. ಸುತ್ತಲಿನ ಎಂಟು ಚೌಕಗಳು, ಬದುಕಿನ ಒಂದೊಂದು ಮುಖವನ್ನು ಮನೆಯ ಒಂದೊಂದು ಕಡೆಗೆ ಸೇರಿಸುವ ‘ಬಾಗುವಾ’ ಎಂಬ ನಕ್ಷೆಯ ಎಂಟು ಭಾಗ, ನಡುವಿನದು ಆರೋಗ್ಯದ್ದು. ಸಾಂಪ್ರದಾಯಿಕ ಪಂಥಗಳು ‘ಲುವೊಪಾನ್’ ಎಂಬ ದಿಕ್ಸೂಚಿ ಇಟ್ಟು ದಿಕ್ಕು ನೋಡುತ್ತವೆ. ಲಿನ್ ಯುನ್ ಎಂಬ ಫೆಂಗ್ ಶುಯಿ ಗುರು ಅಮೆರಿಕದಲ್ಲಿ ಹರಡಿದ ಪಂಥ ದಿಕ್ಕನ್ನು ಬಿಟ್ಟು ಬಾಗಿಲನ್ನೇ ಆಧಾರ ಮಾಡಿಕೊಳ್ಳುತ್ತದೆ: ಬಾಗಿಲಲ್ಲಿ ಒಳಮುಖವಾಗಿ ನಿಂತರೆ ದೂರದ ಎಡ ಮೂಲೆ ಸಂಪತ್ತಿನದು, ದೂರದ ಬಲ ಮೂಲೆ ದಾಂಪತ್ಯದ್ದು. ಈ ಎರಡು ಪದ್ಧತಿಗಳನ್ನು ಬೆರೆಸಬೇಡಿ, ಒಂದನ್ನೇ ಹಿಡಿಯಿರಿ. ಯಾವುದನ್ನು ಹಿಡಿದರೂ ಮನೆಯ ನಡುಭಾಗ ಬಯಲಾಗಿರಲಿ.

ಒಂದು ಸಲಕ್ಕೆ ಒಂದೇ ಚೌಕ, ಅದರಲ್ಲೂ ಒಂದೇ ಡ್ರಾಯರ್. ಎಲ್ಲವನ್ನೂ ನೆಲಕ್ಕೆ ಸುರಿಯಿರಿ. ನಮ್ಮದರಲ್ಲಿ ಸಿಕ್ಕದ್ದು: ಯಾವ ಬೀಗಕ್ಕೂ ಸೇರದ ಏಳು ಕೀಲಿಗಳು, ಗಂಟುಬಿದ್ದ ಚಾರ್ಜರ್ ವೈರುಗಳು, ನಿಂತುಹೋದ ಕೈಗಡಿಯಾರ, ಮುಚ್ಚಳ ತೆಗೆದರೆ ಒಳಗಿನ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದ ಟಿವಿ ರಿಮೋಟ್. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕ್ಷಾರದ ಪದಾರ್ಥ ಅದು, ಚರ್ಮ ಸುಡುತ್ತದೆ. ಸೆಲ್ಲುಗಳನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ. ಕೆಟ್ಟುನಿಂತ ವಸ್ತುವಿಗೆ ಒಂದು ವಾರದ ಗಡುವು ಕೊಡಿ. ಅಷ್ಟರಲ್ಲಿ ರಿಪೇರಿ ಆಗದಿದ್ದರೆ ಅದು ಹೋಗಲಿ.

ಮಂಚದ ಕೆಳಗೆ ಏನೂ ಇಡಬಾರದು ಎನ್ನುತ್ತದೆ ಫೆಂಗ್ ಶುಯಿ, ಮಲಗಿದವರ ಸುತ್ತ ಚಿ ಹರಿದಾಡಲಿ ಎಂದು. ಜಾಗ ಸಾಲದ ಮನೆಯಲ್ಲಿ ಇದು ಕಷ್ಟ. ಇಡಲೇಬೇಕಾದರೆ ಹೊದಿಕೆ, ದಿಂಬಿನಂಥ ಮೆತ್ತನೆಯವನ್ನು ಇಡಿ. ಹಳೆಯ ಕಾಗದಪತ್ರ, ಮುರಿದ ಸಾಮಾನು ಅಲ್ಲಿ ಬೇಡ.

ಕೈ ತಡೆಯುವುದು ಇಲ್ಲಿ

ಹಗುರ ಮಾಡುವಾಗ ತಡವಾಗುವುದು ಕಸದಿಂದಲ್ಲ, ನೆನಪಿನಿಂದ. ಅಪ್ಪನ ಸ್ವೆಟರ್ ಇದ್ದ ಡಬ್ಬದ ಮುಂದೆ ನಾನು ಇಡೀ ಮಧ್ಯಾಹ್ನ ಕೂತಿದ್ದೆ. ಮೊಣಕೈ ಸವೆದಿತ್ತು, ನುಸಿ ಹಿಡಿದು ಅಲ್ಲಲ್ಲಿ ತೂತು ಬಿದ್ದಿತ್ತು. ಎಸೆಯಲು ಕೈ ಬರಲಿಲ್ಲ, ಹಾಗೆಯೇ ಮುಚ್ಚಿಡಲೂ ಮನಸ್ಸಾಗಲಿಲ್ಲ. ಕೊನೆಗೆ ಒಂದು ಗುಂಡಿ ಬಿಚ್ಚಿಕೊಂಡೆ. ಅದೀಗ ನನ್ನ ಮೇಜಿನ ಮೇಲಿದೆ, ದಿನವೂ ಕಾಣುತ್ತದೆ. ಅಟ್ಟದಲ್ಲಿದ್ದ ಅಷ್ಟು ವರ್ಷ ಆ ಸ್ವೆಟರನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಆದ್ದರಿಂದ ಇಂಥ ವಸ್ತುಗಳಿಗೆ ಅವಸರ ಬೇಡ. ಅವನ್ನು ಕೊನೆಯ ಸರದಿಗೆ ಬಿಡಿ, ಮನೆಯವರದಾದರೆ ಅವರನ್ನು ಕೇಳದೆ ಮುಟ್ಟಲೇಬೇಡಿ. ಇಟ್ಟುಕೊಳ್ಳುವುದಾದರೆ ಕಣ್ಣಿಗೆ ಬೀಳುವ ಕಡೆ ಇಡಿ.

ಬೇಡವೆಂದು ತೆಗೆದದ್ದು ಅವತ್ತೇ ಹೊಸ್ತಿಲು ದಾಟಲಿ. ಮೂಟೆ ಕಟ್ಟಿ ಬಾಗಿಲ ಬಳಿ ಇಟ್ಟರೆ ಮೂರನೆಯ ದಿನ ಒಂದೊಂದೇ ಒಳಗೆ ವಾಪಸ್ಸಾಗುತ್ತದೆ. ತೆರವಾದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎದುರುಬದುರಿನ ಎರಡು ಕಿಟಕಿ ತೆರೆದಿಡಿ. ಚೀನೀಯರು ಚಾಂದ್ರಮಾನ ಹೊಸ ವರ್ಷಕ್ಕೆ ಮುಂಚೆ ಮನೆಯ ಧೂಳೆಲ್ಲ ಗುಡಿಸಿ, ಹಬ್ಬದ ದಿನ ಮಾತ್ರ ಪೊರಕೆ ಮುಟ್ಟುವುದಿಲ್ಲ, ಬಂದ ಅದೃಷ್ಟ ಗುಡಿಸಿಹೋದೀತೆಂದು.

ಸ್ಫಟಿಕ, ಬಿದಿರಿನ ಗಿಡ, ಗಾಳಿಗಂಟೆ ತರುವ ಆಸೆ ಈ ಹೊತ್ತಿಗೆ ಹುಟ್ಟುತ್ತದೆ. ತಡೆಯಿರಿ. ಖಾಲಿಯಾದ ಮೂಲೆಯನ್ನು ಒಂದು ತಿಂಗಳು ಖಾಲಿಯೇ ಬಿಡಿ. ಅಲ್ಲಿ ಏನು ಬೇಕು, ಏನಾದರೂ ಬೇಕೇ ಎಂಬುದು ಆಮೇಲೆ ಗೊತ್ತಾಗುತ್ತದೆ.