ಘಟ್ಟ ಇಳಿದು ಅಳಿವೆಯಲ್ಲಿ ದೋಣಿ ಹತ್ತುವ ಮುನ್ನ

ಪುಷ್ಪಗಿರಿಯ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ ಕಡಲು ಸೇರುತ್ತದೆ. ಕೊಡಗಿನ ಕಾಫಿಯೂ ಘಟ್ಟ ಇಳಿದು ಅಲ್ಲಿಗೇ ಹೋಗುತ್ತಿತ್ತು. ಅಳಿವೆ ಬಾಗಿಲಲ್ಲಿ ಮರಳು ಕಟ್ಟಿ ಆಳ ಸಾಲದ್ದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು, ಮೂಟೆಗಳು ದೋಣಿಯಲ್ಲಿ ಹೋಗಬೇಕಿತ್ತು. 1974ರಲ್ಲಿ ಪಣಂಬೂರು ಪ್ರಮುಖ ಬಂದರಾದ ಮೇಲೆ ಹಡಗುಗಳು ಅತ್ತ ಹೋದವು. ಮರಳು ಇಲ್ಲೇ ಉಳಿಯಿತು.

ಕಾವೇರಿ ದಡದ ದುಬಾರೆಯಲ್ಲಿ ಹರಿಗೋಲು ಹತ್ತಿ ರೂಢಿಯಿದ್ದವರು ಇಲ್ಲಿ ಎಡವುವುದು ಒಂದೇ ಕಡೆ: ಕಾವೇರಿ ಒಂದೇ ದಿಕ್ಕಿಗೆ ಹರಿಯುತ್ತದೆ, ಅಳಿವೆಯ ನೀರು ಸುಮಾರು ಆರು ಗಂಟೆಗೊಮ್ಮೆ ತಿರುಗುತ್ತದೆ. ತಳ ಚಪ್ಪಟೆಯಾದ ಹರಿಗೋಲು ಬಂಡೆ ನಡುವಿನ ತೆಳು ನೀರಿಗೆ ಸರಿ. ಅಲೆಗೆ ಮುಖ ಕೊಟ್ಟು ನಿಲ್ಲಲು ಅದಕ್ಕೆ ಮೂತಿಯೇ ಇಲ್ಲ, ಇಲ್ಲಿಗೆ ತರಬೇಡಿ.

ಮೊದಲು ಆ ದಿನದ ಉಬ್ಬರ-ಇಳಿತದ ವೇಳೆ ನೋಡಿ. ನಿನ್ನೆಯ ವೇಳೆಗೆ ಸುಮಾರು 50 ನಿಮಿಷ ಕೂಡಿಸಿದರೆ ಇಂದಿನದು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ. ಹೊಸಬರಿಗೆ ಅಷ್ಟಮಿಯ ಸುತ್ತಮುತ್ತಲ ದಿನಗಳೇ ವಾಸಿ. ಉಬ್ಬರದ ಕೊನೆಯ ಗಂಟೆಯಲ್ಲಿ ಹೊರಟು, ನೀರು ನಿಂತಿರುವಾಗಲೇ ಮರಳಿ ಬನ್ನಿ. ಇಳಿತದಲ್ಲಿ ಹೊರಗೆ ಓಡುವ ನೀರಿಗೆ ಎದುರಿನಿಂದ ಕಡಲಿನ ಅಲೆ ಬಡಿದರೆ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಮರಳು ದಿಬ್ಬದ ಮೇಲೆ ಒಡೆಯುತ್ತದೆ. ದೋಣಿ ಮಗುಚುವುದು ಹೆಚ್ಚಾಗಿ ಅಲ್ಲೇ. ಮಧ್ಯಾಹ್ನದ ಪಡುಗಾಳಿ ಸೇರಿದರೆ ಇನ್ನೂ ಕಷ್ಟ, ಹಾಗಾಗಿ ಬೆಳಗಿನ ಉಬ್ಬರವಿರುವ ದಿನ ಆರಿಸಿ. ಘಟ್ಟದಲ್ಲಿ ಜೋರು ಮಳೆ ಬಿದ್ದಿದ್ದರೆ ಹೊಳೆನೀರೂ ಕೂಡಿ ಇಳಿತ ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ಎಳೆಯುತ್ತದೆ. ಮಡಿಕೇರಿಯಿಂದ ಹೊರಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ದಡದಲ್ಲಿ ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿ. ಬಿಳಿ ನೊರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಏಳುತ್ತಿದ್ದರೆ ಅಡಿಯಲ್ಲಿ ದಿಬ್ಬವಿದೆ. ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುವುದರಿಂದ ಹೋದ ವರ್ಷದ ದಾರಿ ನಂಬಬೇಡಿ, ಅಳಿವೆ ಪಕ್ಕದ ಬೆಂಗ್ರೆಯ ಮೀನುಗಾರರನ್ನು ಕೇಳಿ. ಅವರು ಬೇಡವೆಂದರೆ ವಾದ ಬೇಡ.

ದೋಣಿಯಲ್ಲಿ ಲೈಫ್ ಜಾಕೆಟ್‌ನ ಎಲ್ಲ ಪಟ್ಟಿಗಳನ್ನೂ ಬಿಗಿದು, ನಡುವೆ ತಗ್ಗಿ ಕುಳಿತುಕೊಳ್ಳಿ. ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ವಾಲಬಾರದು. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯೇ ನಿಂತಿರುತ್ತದೆ. ಆ ಎರಡು ತಿಂಗಳು ಅಳಿವೆಯನ್ನು ದಡದಿಂದಲೇ ನೋಡಿ.