112ರ ಗಾಡಿಯಲ್ಲಿ ಒಬ್ಬ ಮಾಜಿ ಫೌಜಿ

ಬೆಳಗಾವಿ ಸೀಮೆಯಲ್ಲಿ ಫೌಜಿ ಇಲ್ಲದ ಓಣಿ ಹುಡುಕುವುದು ಕಷ್ಟ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇಲ್ಲೇ ಇದೆ, ನಾನೂ ಅಲ್ಲಿಂದಲೇ ಹೊರಟವನು. ನಾಯಕ್ ಆಗಿ ಪೆನ್ಶನ್ ಬಂದು, ಮಾಜಿ ಸೈನಿಕರ ಮೀಸಲಾತಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆದೆ. ಈಗ ತುರ್ತು ಕರೆಯ 112ರ ಗಾಡಿ ಮೇಲೆ ಡ್ಯೂಟಿ. ‘ಮಾಜಿ ಸೈನಿಕ, ಕುಡಿದಿದ್ದಾನೆ, ಬಂದೂಕು ಇದೆ’ ಅಂತ ಕರೆ ಬಂದರೆ ಜೊತೆಗಿದ್ದವರು ನನ್ನ ಮುಖ ನೋಡುತ್ತಾರೆ.

ಅಂಥದೇ ಒಂದು ಕರೆ. ಊರು ಹೇಳುವುದಿಲ್ಲ. ರಿಟೈರ್ಡ್ ಹವಾಲ್ದಾರ್, ಬ್ಯಾಂಕಿನಲ್ಲಿ ಗನ್‌ಮ್ಯಾನ್. ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದರು. ಫೋನ್ ಮಾಡಿದ್ದು ಹೆಂಡತಿ. ‘ಬೈದ್ರ ಹೆದರ್ತಿರಲಿಲ್ರೀ ಅಣ್ಣಾರ, ಸಂಜಿಯಿಂದ ಒಂದ್ ಮಾತೂ ಆಡಿಲ್ಲ’ ಅಂದರು. ಆ ಮೌನವೇ ಕೆಟ್ಟದ್ದು.

ಗಾಡಿಯನ್ನು ಸೈರನ್ ಇಲ್ಲದೆ ತಿರುವಿನಲ್ಲೇ ನಿಲ್ಲಿಸಿದ್ದೆವು. ಟೋಪಿ ತೆಗೆದು, ಬಾಗಿಲಿಗೆ ನೇರವಾಗಿ ನಿಲ್ಲದೆ ಗೋಡೆಯ ಮರೆಗೆ ಕೂತು ಕೇಳಿದೆ: ‘ಜೈ ಹಿಂದ್ ಉಸ್ತಾದ್. ಯಾವ ಪಲ್ಟನ್ ರೀ?’

ಬಹಳ ಹೊತ್ತಿನ ಮೇಲೆ ಒಳಗಿಂದ, ‘ನೀ ಯಾರು ಕೇಳಾಕ?’

‘ನಾನೂ ಮರಾಠಾನೇ ರೀ. ನಾಯಕ್ ಇದ್ದೆ.’

‘ಸೆಂಟರ್‌ನ್ಯಾಗ ನಿನ್ನ ಉಸ್ತಾದ್ ಯಾರು?’

ನನ್ನನ್ನೇ ಪರೀಕ್ಷೆ ಮಾಡುತ್ತಿದ್ದರು. ಹೆಸರು ಹೇಳಿದೆ, ಅವರ ಬೈಗುಳ ಎಂಥದಿತ್ತೆಂದೂ ಹೇಳಿದೆ. ಒಳಗೆ ಸಣ್ಣಗೆ ನಕ್ಕ ಸದ್ದು. ಖಾಕಿಯವರನ್ನು ಕಂಡರೆ ಫೌಜಿಗೆ ಅಷ್ಟಕ್ಕಷ್ಟೆ. ನನ್ನ ಹಳೇ ನೌಕರಿ ಇಷ್ಟು ಬಾಗಿಲು ತೆಗೆಸುತ್ತದೆ, ಇದಕ್ಕಿಂತ ಹೆಚ್ಚಲ್ಲ. ಆಮೇಲೆ ನೇರ ಕೇಳಿದೆ, ‘ಸಾಯೋ ವಿಚಾರ ಬಂದೈತೇನ್ರೀ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಸಹೋದ್ಯೋಗಿಗಳು ಹೆದರುತ್ತಾರೆ. ಹಾಗಾಗುವುದಿಲ್ಲ. ‘ಹೂಂ’ ಅಂದರು.

‘ಬಂದೂಕು ಕೊಡ್ರಿ’ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಕೊಡಬೇಕೆಂದರೆ ಅವರು ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕಲ್ಲ! ‘ಅದು ಎಲ್ಲೈತೋ ಅಲ್ಲೇ ಇರ್ಲಿ, ನೀವಷ್ಟೇ ಬರ್ರಿ, ಚಹಾ ಕುಡಿಯೋಣು’ ಅಂದೆ. ಬಂದರು. ನಮ್ಮವನು ಒಳಗೆ ಹೋಗಿ ಡಬಲ್ ಬ್ಯಾರಲ್ ತೆರೆದು ನೋಡಿದರೆ ಎರಡರಲ್ಲೂ ತೋಟಾ ಇತ್ತು.

ಠಾಣೆಗೆ ಒಯ್ಯಲಿಲ್ಲ, ಜಿಲ್ಲಾ ಆಸ್ಪತ್ರೆಗೆ ಒಯ್ದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಇಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ 115ನೇ ಕಲಂ. ದಿನಾ ಕುಡಿಯುತ್ತಿದ್ದರೆಂದು ಡಾಕ್ಟರಿಗೆ ಮೊದಲೇ ಹೇಳಿದೆ. ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬರಬಹುದು. ಹೆಂಡತಿಯ ಫೋನಿನಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಹಾಕಿಕೊಟ್ಟೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಔಷಧಿಗೆ ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯ ಇಸಿಎಚ್‌ಎಸ್ ಕಾರ್ಡು ಇತ್ತು, ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಬಂದೂಕಿನದೇ ದೊಡ್ಡ ತಲೆನೋವು. ಅದು ಹೋದರೆ ಗನ್‌ಮ್ಯಾನ್ ಕೆಲಸವೂ ಹೋಯಿತು, ಮನೆ ಇನ್ನಷ್ಟು ಕುಸಿಯುತ್ತದೆ. ಎಲೆಕ್ಷನ್ ಬಂದಾಗ ಲೈಸೆನ್ಸ್ ಇದ್ದವರು ಠಾಣೆಯಲ್ಲಿ ಡಿಪಾಸಿಟ್ ಮಾಡುವಂತೆ ಅವರ ಕೈಯಿಂದಲೇ ಅರ್ಜಿ ಬರೆಸಿ ಇಡಿಸಿದೆವು, ರಶೀದಿ ಕೊಟ್ಟೆವು. ಲೈಸೆನ್ಸ್ ಹಾಗೇ ಉಳಿಯಿತು. ಡಾಕ್ಟರ ಪತ್ರ ತಂದ ಮೇಲೆ ವಾಪಸ್ ಎಂದಿದ್ದಾರೆ ನಮ್ಮ ಸಾಹೇಬರು.

ಇಷ್ಟಕ್ಕೆಲ್ಲ ಮೂಲ ಏನು ಗೊತ್ತೇ? ಮಗಳ ಮದುವೆಯ ಸಾಲ, ಅದರ ಮೇಲೆ ಪೆನ್ಶನ್ ನಿಂತದ್ದು. ಫೌಜಿ ಪೆನ್ಶನ್ನಿನ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ವರ್ಷಕ್ಕೊಮ್ಮೆ ಕೊಡಬೇಕಾದ, ಬದುಕಿದ್ದೇವೆಂಬ ಜೀವನ ಪ್ರಮಾಣ (ಲೈಫ್ ಸರ್ಟಿಫಿಕೇಟ್) ಕೊಟ್ಟಿರಲಿಲ್ಲ. ಯಾರನ್ನಾದರೂ ಕೇಳಲು ಹವಾಲ್ದಾರರಿಗೆ ನಾಚಿಕೆ. ಸರ್ಕಾರಿ ಕೆಲಸ ಆನ್‌ಲೈನಿನಲ್ಲಿ ಮಾಡಿಕೊಡುವ ಸಿಎಸ್‌ಸಿ ಸೆಂಟರಿಗೆ ಕರೆದೊಯ್ದೆ. ಹೆಬ್ಬೆಟ್ಟು ತಾಳೆಯಾಗಲಿಲ್ಲ, ಮುಖ ತೋರಿಸಿ ಮಾಡಿಸಿದೆವು. ಪೆನ್ಶನ್ ಬಾಕಿ ಸಮೇತ ಬಂತು. ಗುಳಿಗೆ ಎಷ್ಟು ಕೆಲಸ ಮಾಡಿತೋ ಇದೂ ಅಷ್ಟೇ ಮಾಡಿತು ಅಂತ ನನ್ನ ಲೆಕ್ಕ.

ಈಗ ಬೀಟಿಗೆ ಹೋದಲ್ಲೆಲ್ಲ ಫೌಜಿಗಳನ್ನು ಕಂಡರೆ ‘ಲೈಫ್ ಸರ್ಟಿಫಿಕೇಟ್ ಆತೇನ್ರೀ?’ ಅಂತಲೇ ಮಾತು ಶುರು ಮಾಡುತ್ತೇನೆ. ‘ಆರಾಮ ಇದ್ದೀರೇನು’ ಎಂದರೆ ಎಲ್ಲರೂ ಆರಾಮ ಅನ್ನುತ್ತಾರೆ. ಪೆನ್ಶನ್ ವಿಷಯ ಎತ್ತಿದರೆ ಕಟ್ಟೆ ಮೇಲೆ ಜಾಗ ಬಿಟ್ಟು ಕೂಡಿಸಿಕೊಳ್ಳುತ್ತಾರೆ.