ಎನ್‌ಸಿವಿ ನಾರ್ಮಲ್, ಆದರೂ ಪಾದ ಉರಿ: ಸಣ್ಣ ನರತಂತುಗಳನ್ನು ನಾನು ಪರೀಕ್ಷಿಸುವ ಬಗೆ

ಪಾದ ಉರಿ ಅಂತ ನಮ್ಮ ನರರೋಗ ವಿಭಾಗಕ್ಕೆ ಬರುವ ಎಷ್ಟೋ ಜನರ ಕೈಯಲ್ಲಿ ಆಗಲೇ ಒಂದು ಎನ್‌ಸಿವಿ (ನರದಲ್ಲಿ ಸಂದೇಶ ಓಡುವ ವೇಗ ಅಳೆಯುವ ಟೆಸ್ಟ್) ರಿಪೋರ್ಟ್ ಇರುತ್ತದೆ. ಅದರಲ್ಲಿ ‘ನಾರ್ಮಲ್’ ಅಂತ ಬರೆದಿರುತ್ತದೆ. ಅದನ್ನು ನೋಡಿದ ಮನೆಯವರು ‘ಏನೂ ಇಲ್ವಂತೆ, ಸುಮ್ನೆ ಯೋಚನೆ ಮಾಡ್ತೀಯ’ ಅಂದಿರುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಿಪೋರ್ಟೂ ಸರಿ, ಉರಿಯೂ ನಿಜ. ಕರೆಂಟ್ ಕೊಟ್ಟು ಮಾಡುವ ಆ ಟೆಸ್ಟ್ ದಪ್ಪ ನರತಂತುಗಳನ್ನು ಅಳೆಯುತ್ತದೆ. ಅವುಗಳಲ್ಲಿ ಸಂದೇಶ ಸೆಕೆಂಡಿಗೆ 40–60 ಮೀಟರ್ ಓಡುತ್ತದೆ. ನೋವು, ಬಿಸಿ, ತಂಪು, ಬೆವರು ನೋಡಿಕೊಳ್ಳುವುದು ಸಣ್ಣ ತಂತುಗಳು. ಅವುಗಳಲ್ಲಿ ಬಿಸಿಯ ಸುದ್ದಿ ಒಯ್ಯುವ ಸಿ ತಂತುಗಳ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೇ. ಎನ್‌ಸಿವಿಯಲ್ಲಿ ಅವು ಕಾಣುವುದೇ ಇಲ್ಲ.

ಹಾಗಾಗಿ ನಾನು ಯಂತ್ರಕ್ಕಿಂತ ಮೊದಲು ಮಂಚದ ಪಕ್ಕದ ಪರೀಕ್ಷೆಗೆ ಸಮಯ ಕೊಡುತ್ತೇನೆ. ಪಾದ ತಣ್ಣಗಿದ್ದರೆ ಕಂಬಳಿ ಹೊದಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ತಣ್ಣಗಿರುವ ಚರ್ಮದ ಮೇಲೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. ಚುಚ್ಚಲು ಒಮ್ಮೆ ಬಳಸಿ ಎಸೆಯುವ ಪಿನ್ ಬೇಕು. ಇಂಜೆಕ್ಷನ್ ಸೂಜಿ ಬೇಡ, ಅದು ಚರ್ಮ ಕೊಯ್ಯುತ್ತದೆ. ಸಂವೇದನೆ ಕಮ್ಮಿಯಾದ ಪಾದದಲ್ಲಿ ಗಾಯ ಮಾಡುವುದು ದೊಡ್ಡ ಅಪರಾಧ.

ಮೊದಲು ಹಣೆಗೆ ಪಿನ್ ತಾಗಿಸಿ ‘ಇದು ಚೂಪು’ ಅಂತ ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನಿಂದ ಮೇಲಕ್ಕೆ ಬರುತ್ತೇನೆ. ಹೊಲಿಗೆ ಕೆಲಸ ಮಾಡುವ ಒಬ್ಬ ಹೆಂಗಸಿನ ಪರೀಕ್ಷೆ ಚೆನ್ನಾಗಿ ನೆನಪಿದೆ. ಪಾದದಲ್ಲಿ ಪಿನ್ ತಾಗಿಸಿದಾಗಲೆಲ್ಲ ‘ಹ್ಞೂಂ, ಗೊತ್ತಾಗುತ್ತೆ ಡಾಕ್ಟ್ರೇ’ ಅನ್ನುತ್ತಿದ್ದರು. ‘ಗೊತ್ತಾಗೋದು ಸರಿ ಅಮ್ಮ, ಹಣೆ ಮೇಲೆ ಚುಚ್ಚಿದಷ್ಟೇ ಚೂಪಾಗಿದೆಯಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ, ಇಲ್ಲಿ ಬೆರಳಲ್ಲಿ ಒತ್ತಿದಂಗಿದೆ’ ಅಂದರು. ಮೀನಖಂಡದ ಅರ್ಧಕ್ಕೆ ಬಂದಾಗ ‘ಹಾ!’ ಅಂತ ಕಾಲು ಎಳೆದುಕೊಂಡರು. ಅಲ್ಲಿ ಪೆನ್ನಿನಿಂದ ಗೆರೆ ಹಾಕಿದೆ. ಇನ್ನೊಂದು ಕಾಲಲ್ಲೂ ಹೆಚ್ಚುಕಮ್ಮಿ ಅದೇ ಎತ್ತರ. ತಣ್ಣನೆಯ ಟ್ಯೂನಿಂಗ್ ಫೋರ್ಕನ್ನು (ಮಿಡಿದರೆ ಕಂಪಿಸುವ ಲೋಹದ ಕವಲು) ಚರ್ಮಕ್ಕೆ ತಾಗಿಸಿದರೆ ತಂಪೂ ಅದೇ ಗೆರೆಯ ಹತ್ತಿರ ತಿಳಿಯಿತು. ಅದೇ ಫೋರ್ಕನ್ನು ಮಿಡಿದು ಹೆಬ್ಬೆರಳಿನ ಮೇಲಿಟ್ಟರೆ ಕಂಪನ ಚೆನ್ನಾಗಿ ಗೊತ್ತಾಗುತ್ತಿತ್ತು, ಹಿಮ್ಮಡಿಯ ರಿಫ್ಲೆಕ್ಸೂ (ಹಿಮ್ಮಡಿಯ ಮೇಲೆ ತಟ್ಟಿದರೆ ಪಾದ ತಾನಾಗಿ ಅಲುಗುವುದು) ಇತ್ತು. ಅಂದರೆ ದಪ್ಪ ತಂತುಗಳು ಚೆನ್ನಾಗಿವೆ, ಸಣ್ಣವು ಹೋಗಿವೆ. ಇಷ್ಟು ತಿಳಿಯಲು ದುಬಾರಿ ಯಂತ್ರ ಏನೂ ಬೇಕಾಗಲಿಲ್ಲ.

ಬಿಸಿ–ತಂಪನ್ನು ಅಂಕಿಯಲ್ಲಿ ಅಳೆಯಲು ಕ್ಯೂಎಸ್‌ಟಿ ಯಂತ್ರವಿದೆ. ಪಾದದ ಮೇಲ್ಭಾಗಕ್ಕೆ ಒಂದು ಚಿಕ್ಕ ಲೋಹದ ತಟ್ಟೆ ಕಟ್ಟುತ್ತೇವೆ. ಅದು 32 ಡಿಗ್ರಿಯಿಂದ ಶುರುವಾಗಿ ಸೆಕೆಂಡಿಗೆ 1 ಡಿಗ್ರಿಯಂತೆ ಬಿಸಿಯಾಗುತ್ತದೆ ಅಥವಾ ತಣ್ಣಗಾಗುತ್ತದೆ. ಬದಲಾವಣೆ ಗೊತ್ತಾದ ಕೂಡಲೇ ರೋಗಿ ಬಟನ್ ಒತ್ತಬೇಕು. ಸುಡದಂತೆ 50 ಡಿಗ್ರಿಗೆ ತಾನಾಗಿಯೇ ನಿಲ್ಲುತ್ತದೆ. ತಂಪಿನ ಅಂಕಿ ಎ-ಡೆಲ್ಟಾ ಅನ್ನುವ ಇನ್ನೊಂದು ಬಗೆಯ ಸಣ್ಣ ತಂತುಗಳ ಬಗ್ಗೆ ಹೇಳಿದರೆ, ಬಿಸಿಯ ಅಂಕಿ ಸಿ ತಂತುಗಳ ಬಗ್ಗೆ ಹೇಳುತ್ತದೆ.

ಕೇಳೋಕೆ ಸುಲಭ, ಅಲ್ವಾ? ಆದರೆ ಬಹಳ ಜನ ‘ಚೆನ್ನಾಗಿ ಬಿಸಿ ಆಗಲಿ’ ಅಂತ ಕಾಯುತ್ತಾರೆ. ವಯಸ್ಸಾದವರ ಬೆರಳು ಅರ್ಧ ಸೆಕೆಂಡು ತಡವಾದರೆ ಅಂಕಿಗೆ ಅರ್ಧ ಡಿಗ್ರಿ ಸೇರಿಬಿಡುತ್ತದೆ. ಅದಕ್ಕೇ ಮೊದಲು ಮುಂಗೈ ಮೇಲೆ ಅಭ್ಯಾಸ ಮಾಡಿಸುತ್ತೇನೆ. ಕೋಣೆಯ ಬಾಗಿಲು ಹಾಕಿ, ಎಲ್ಲರ ಮೊಬೈಲೂ ಹೊರಗಿಡಿಸುತ್ತೇನೆ. ನಡುವೆ ಒಮ್ಮೊಮ್ಮೆ ಶಾಖ ಬದಲಿಸದೇ ಸುಮ್ಮನಿರುತ್ತೇನೆ. ಆಗಲೂ ಬಟನ್ ಒತ್ತಿದರೆ ಮತ್ತೆ ಮೊದಲಿಂದ ವಿವರಿಸುತ್ತೇನೆ. ಬಂದ ಅಂಕಿಗಳ ಸರಾಸರಿಯನ್ನು ಅದೇ ವಯಸ್ಸಿನವರ, ಅದೇ ಜಾಗದ ಅಂಕಿಯ ಜೊತೆ ಹೋಲಿಸಬೇಕು. ಕೈಯ ಅಂಕಿ ಪಾದಕ್ಕೆ ಹೊಂದುವುದಿಲ್ಲ. ಇನ್ನೊಂದು ಮಾತು: ತೊಂದರೆ ಪಾದದ ನರದಲ್ಲಿದ್ದರೂ ಬೆನ್ನುಹುರಿಯಲ್ಲಿದ್ದರೂ ಈ ಅಂಕಿ ಕೆಡುತ್ತದೆ. ಇದೊಂದನ್ನೇ ನಂಬಿ ನಾನು ರೋಗಕ್ಕೆ ಹೆಸರಿಡುವುದಿಲ್ಲ.

ಬೆವರಿನ ನರಗಳ ಪರೀಕ್ಷೆಗೆ ಮುಂಚೆ ಮಾತ್ರೆಚೀಟಿ ನೋಡಲೇಬೇಕು. ಉರಿಗೆ ಅಂತ ಕೊಡುವ ಅಮಿಟ್ರಿಪ್ಟಿಲಿನ್ ಬೆವರನ್ನೇ ಕಮ್ಮಿ ಮಾಡುತ್ತದೆ. ಹಾಗಂತ ರೋಗಿಯೇ ಅದನ್ನು ತಟ್ಟನೆ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಿಯೇ ನಿರ್ಧರಿಸುತ್ತೇವೆ. ಮಲಗಿಸಿ, ಆಮೇಲೆ ನಿಲ್ಲಿಸಿ 3 ನಿಮಿಷದೊಳಗೆ ಬಿಪಿ ನೋಡುವುದನ್ನೂ ನಾನು ಬಿಡುವುದಿಲ್ಲ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ರಕ್ತನಾಳಗಳನ್ನು ನಿಯಂತ್ರಿಸುವ ನರಗಳ ಮೇಲೂ ಅನುಮಾನ ಬರುತ್ತದೆ. ಬಿಪಿ ಮಾತ್ರೆಯಿಂದಲೂ, ನೀರು ಕಮ್ಮಿಯಾದರೂ ಹೀಗಾಗಬಹುದು, ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಇಷ್ಟಾದರೂ ಗೊಂದಲವಿದ್ದರೆ ಚರ್ಮದ ಬಯಾಪ್ಸಿ. ಕಾಲಿನ ಹೊರಗಿಣ್ಣಿನಿಂದ, ಅಂದರೆ ಪಾದದ ಕೀಲಿನ ಹೊರಬದಿಯಲ್ಲಿ ಉಬ್ಬಿರುವ ಮೂಳೆಯಿಂದ 10 ಸೆಂಟಿಮೀಟರ್ ಮೇಲೆ, ಮರಗಟ್ಟಿಸಿ 3 ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತೇವೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಮೇಲ್ಚರ್ಮದೊಳಗೆ ಎಷ್ಟು ನರತಂತು ಉಳಿದಿವೆ ಅಂತ ಲ್ಯಾಬಿನಲ್ಲಿ ಎಣಿಸುತ್ತಾರೆ. ತುಣುಕನ್ನು ಯಾವ ದ್ರವದಲ್ಲಿ ಹಾಕಬೇಕು ಅಂತ ಲ್ಯಾಬಿನವರನ್ನು ಮೊದಲೇ ಕೇಳಿಕೊಳ್ಳಿ, ಮಾಮೂಲಿ ಫಾರ್ಮಲಿನ್ ಬಾಟಲಿಗೆ ಹಾಕಿ ಕಳಿಸಬೇಡಿ.

ಕಾರಣ ಹುಡುಕುವಾಗ ಶುಗರ್, ಬಿ12, ಥೈರಾಯ್ಡ್, ಕುಡಿತ, ಕ್ಯಾನ್ಸರ್ ಔಷಧ ಎಲ್ಲ ಪಟ್ಟಿಯಲ್ಲಿರುತ್ತವೆ. ಆದರೆ ಬಿಸಿ–ತಂಪು ಕಾಲುಚೀಲದ ಆಕಾರದಲ್ಲಿ ಹೋಗದೆ ಅಲ್ಲಲ್ಲಿ ಮಚ್ಚೆಯಷ್ಟು ಜಾಗದಲ್ಲಿ ಮಾತ್ರ ಹೋಗಿದ್ದರೆ ನಾನು ಕುಷ್ಠವನ್ನು ಹುಡುಕುತ್ತೇನೆ. ಅದರಲ್ಲಿ ಬಿಸಿ–ತಂಪು ಮೊದಲೇ ಹೋಗುತ್ತದೆ, ರಿಫ್ಲೆಕ್ಸ್ ಹಾಗೇ ಉಳಿದಿರುತ್ತದೆ. ಅಂಗಿ ಬಿಚ್ಚಿಸಿ, ಬೆಳಕಿನಲ್ಲಿ ಬೆನ್ನು ನೋಡಿ, ಮೊಣಕೈಯ ಒಳಬದಿ ಮತ್ತು ಮೊಣಕಾಲಿನ ಹೊರಬದಿಯ ನರ ದಪ್ಪವಾಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡುತ್ತೇನೆ. ಅನುಮಾನ ಬಂದರೆ ಅವತ್ತೇ ಚರ್ಮರೋಗ ವಿಭಾಗಕ್ಕೆ ಕಳಿಸುತ್ತೇನೆ. ಕುಷ್ಠಕ್ಕೆ ಕೊಡುವ ಎಂಡಿಟಿ (ಹಲವು ಔಷಧಗಳ ಜೋಡಿ) ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.